ಟಾರ್ಚ್ ಅಲ್ಲಾಡಿಸ್ಬೇಡ ಅಂದ ಅಣ್ಣನಿಗೆ

ಹೋದ ಸೋಮವಾರ ನಮ್ಮ ಹಾಸ್ಟೆಲ್ ಮೆಸ್ ಹಿಂದಿನ ಗೊಬ್ಬರದ ಗುಂಡಿಗಳಿಗೆ ಶೀಟಿನ ಸೂರು ಬಂತು. ನೋಡಿಕೊಳ್ಳೋಕೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟಿದ್ದಾರೆ. ಇನ್ನು ಅದು ನಮ್ಮ ಹುಡುಗಾಟ ಅಲ್ಲ, ವಿಶ್ವವಿದ್ಯಾಲಯದ ಕೆಲಸ. ನನ್ನ ಎಂ.ಎಸ್ಸಿ. ಮುಗಿದು ರೂಮ್ ಖಾಲಿ ಮಾಡುವ ವಾರವೇ ಇದಾಯಿತು. ಕಟ್ಟಿಟ್ಟ ಟ್ರಂಕ್ ಮೇಲೆ ಕೂತು ಬರೆಯುತ್ತಿದ್ದೇನೆ.

ಮೆಸ್‌ನಲ್ಲಿ ಉಳಿದ ಅನ್ನವನ್ನು ಗೊಬ್ಬರ ಮಾಡೋಕೆ ಎರಡು ವರ್ಷ ಏನೇನು ಮಾಡಿದೆವು ಅನ್ನೋದು ಇದನ್ನು ಓದುವ ಬಹಳಷ್ಟು ಜನಕ್ಕೆ ಗೊತ್ತು. ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ತೂಕಕ್ಕೆ ಹಾಕಿ ಸೀನಿಯರ್‌ಗಳಿಂದ ಬೈಸಿಕೊಂಡಿದ್ದೂ ಗೊತ್ತು. ಅದನ್ನೆಲ್ಲ ಮತ್ತೆ ಹೇಳಲ್ಲ.

ಎಲೆಗೆ ಬೆಂಕಿ ಹಾಕೋದು ಬಿಟ್ಟು ಗೋಣಿಚೀಲಕ್ಕೆ ತುಂಬಿಟ್ಟ ಗುಡಿಸುವ ಅಕ್ಕಂದಿರಿಗೆ, ಹಸಿ ಕಸದ ಡ್ರಮ್ಮಿನಿಂದ ಹಾಲಿನ ಕವರ್ ಹೆಕ್ಕಿ ತೆಗೆದ ಮೆಸ್ ಭಟ್ಟರಿಗೆ, ನನ್ನ ಬಟ್ಟೆಯ ವಾಸನೆ ಸಹಿಸಿಕೊಂಡ ರೂಮ್‌ಮೇಟ್‌ಗಳಿಗೆ ಥ್ಯಾಂಕ್ಸ್. ನಮ್ಮ ಮೇಡಂಗೂ. ದಿನಕ್ಕೆ 100 ಕೆ.ಜಿ.ಗಿಂತ ಜಾಸ್ತಿ ಕಸ ಮಾಡುವ ಸಂಸ್ಥೆ ತನ್ನ ಹಸಿ ಕಸವನ್ನು ಆದಷ್ಟು ಆವರಣದ ಒಳಗೇ ಕರಗಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲಿ ಇದ್ದದ್ದನ್ನು ಹುಡುಕಿಕೊಟ್ಟವರು ಅವರು. ನಮ್ಮ ಅಷ್ಟೂ ಪೋಸ್ಟರ್ ಮಾಡದ ಕೆಲಸವನ್ನು ಆ ಒಂದು ಸಾಲು ಮಾಡಿತು.

ಈಗ ನಮ್ಮ ಗೇಟಿನ ಸೆಕ್ಯೂರಿಟಿ ಅಣ್ಣನ ವಿಷಯ.

ಹೋದ ವರ್ಷ ಮೇ ತಿಂಗಳು. ಹಾಸ್ಟೆಲ್ ಡೇ ಮುಗಿದಿತ್ತು. ಉಳಿದ ಬಿಸಿಬೇಳೆಬಾತ್, ಮೊಸರನ್ನ, ಪಾಯಸ ಎಲ್ಲವನ್ನೂ ಒಂದೇ ಗುಂಡಿಗೆ ಸುರಿದುಬಿಟ್ಟೆವು. ಒಣ ಎಲೆ ಆಮೇಲೆ ಹಾಕೋಣ ಅಂದುಕೊಂಡಿದ್ದು ನಾನೇ. ಅವತ್ತೇ ಸಂಜೆ ಗಾಳಿ ಮಳೆ ಬಂದು ಟಾರ್ಪಾಲು ಹಾರಿಹೋಯಿತು. ಎರಡು ದಿನಕ್ಕೆ ಗುಂಡಿ ತುಂಬ ಹುಳಿ ನೀರು, ಬಿಳಿ ಹುಳ. ನಾತ ಮೂರನೇ ಮಹಡಿಗೂ ಹೋಗುತ್ತಿತ್ತು. ರಾತ್ರಿ ಒಂಬತ್ತಕ್ಕೆ ಹಾಸ್ಟೆಲ್‌ನವರಿಂದ ಅಪ್ಪಣೆ ಬಂತು: ಬೆಳಿಗ್ಗೆ ಎಂಟರೊಳಗೆ ಸರಿಯಾಗದಿದ್ದರೆ ಗುಂಡಿ ಮುಚ್ಚಿಸುತ್ತೇವೆ. ಅವರ ತಪ್ಪೇನಿಲ್ಲ. ಆ ನಾತಕ್ಕೆ ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ರಜೆಗೆ ಎಲ್ಲರೂ ಊರಿಗೆ ಹೋಗಿದ್ದರು. ಉಳಿದಿದ್ದವರು ಇಬ್ಬರೇ, ನಾನು ಮತ್ತು ಜ್ವರ ಬಂದು ಮಲಗಿದ್ದ ಗೆಳತಿ.

ಅಣ್ಣ ಟಾರ್ಚ್ ಹಿಡಿದು ಬಂದವರು ಗುಂಡಿಯೊಳಗೆ ಇಣುಕಿ ಕೇಳಿದ್ದು ಒಂದೇ ಮಾತು. "ತಿಪ್ಪೆ ನೋಡೇ ಇಲ್ವೇನಮ್ಮ ನೀನು? ಅನ್ನದ ಮೇಲೆ ಅನ್ನ ಸುರಿದ್ರೆ ಅದು ಉಸಿರಾಡೋದು ಹೆಂಗೆ?"

ಜೊತೆಯವರಿಗೆ ಗೇಟ್ ಒಪ್ಪಿಸಿ ಬಂದರು. ಪ್ಯಾಂಟ್ ಮಡಚಿಕೊಂಡು ಸಲಿಕೆ ಹಿಡಿದರು. ಸೈಕಲ್ ಸ್ಟ್ಯಾಂಡಿನ ಮೂಲೆಯಲ್ಲಿ ಒಣ ಎಲೆಯ ಚೀಲಗಳು ಒಂದು ಹನಿಯೂ ತಾಗದೆ ಕೂತಿದ್ದವು. ಮಳೆ ಬರುವ ಮುಂಚೆ ಅಲ್ಲಿಗೆ ಎತ್ತಿಟ್ಟವರೂ ಅವರೇ ಅಂತ ನನಗೆ ಆಗ ಗೊತ್ತಾಯಿತು. ಬಾಂಡ್ಲಿಯಲ್ಲಿ ಕೆಸರನ್ನ ಎತ್ತೋದು, ಪಕ್ಕದ ಖಾಲಿ ಗುಂಡಿಗೆ ಹರಡೋದು, ಮೇಲೆ ಮೊಣಕಾಲುದ್ದ ಎಲೆ, ಒಂದು ಬುಟ್ಟಿ ಹಳೇ ಗೊಬ್ಬರ, ಮತ್ತೆ ಅನ್ನ. ಒಂದು ಪಾಲು ಹಸಿಗೆ ಮೂರು ಪಾಲು ಒಣದ್ದು. ನಾನು ಓದಿಕೊಂಡಿದ್ದೂ ಇದೇ ಲೆಕ್ಕವೇ. ಓದಿದ್ದು ಅವತ್ತು ಎಲ್ಲಿತ್ತೋ.

ಎರಡು ಗಂಟೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಆ ವರ್ಷ ಅಪ್ಪ ತೀರಿಕೊಂಡಿದ್ದರು. ನಾನು ಮುಟ್ಟಿದ್ದು ಯಾವುದೂ ಉಳಿಯಲ್ಲ ಅಂತ ಜೋರಾಗಿ ಹೇಳಿ ಅತ್ತುಬಿಟ್ಟೆ. ಅಷ್ಟು ತಿಂಗಳಲ್ಲಿ ಅಪ್ಪನಿಗಾಗಿ ಅತ್ತಿದ್ದು ಅವತ್ತೇ ಮೊದಲು, ಅದೂ ಕೊಳೆತ ಪಾಯಸದ ಪಕ್ಕ. ಅಣ್ಣ ಸಮಾಧಾನ ಮಾಡಲಿಲ್ಲ. ಸಲಿಕೆ ನಿಲ್ಲಿಸಲೂ ಇಲ್ಲ. "ಅಳೋದಾದ್ರೆ ಅಳಮ್ಮ. ಟಾರ್ಚ್ ಮಾತ್ರ ಅಲ್ಲಾಡಿಸ್ಬೇಡ" ಅಂದರು.

ಟಾರ್ಚ್ ನೆಟ್ಟಗೆ ಹಿಡಿದೆ.

ನಾಲ್ಕಕ್ಕೆ ಫ್ಲಾಸ್ಕಿನ ಟೀ ಕುಡಿಯುವಾಗ ಊರಿನ ಮಾತು ಬಂತು. ಅಣ್ಣನದು ಮಂಡೂರಿನ ಪಕ್ಕದ ಹಳ್ಳಿ. ಬೆಂಗಳೂರಿನ ಕಸ ವರ್ಷಗಟ್ಟಲೆ ಹೋಗಿ ಬಿದ್ದಿದ್ದು ಮಂಡೂರಿನಲ್ಲಿ. 2014ರಲ್ಲಿ ಜನ ರಸ್ತೆಗಿಳಿದ ಮೇಲೆ, ಆ ವರ್ಷದ ಕೊನೆಗೆ ಲಾರಿ ನಿಂತವು. "ಊಟಕ್ಕೆ ಕೂತ್ರೆ ಒಂದು ಕೈ ಅನ್ನಕ್ಕೆ, ಒಂದು ಕೈ ನೊಣಕ್ಕೆ" ಅಂದರು. "ನಿಮ್ಮ ಹಾಸ್ಟೆಲ್ ಅನ್ನಾನೂ ಬಂದಿರುತ್ತೆ ಬಿಡಮ್ಮ." ಬೇಜಾರಿಲ್ಲದೆ, ಸುಮ್ನೆ ಹವಾಮಾನ ಹೇಳಿದ ಹಾಗೆ. ಪರಿಸರ ದಿನಾಚರಣೆಗೆ ಸ್ಟೇಜ್ ಮೇಲೆ ನಿಂತು ಭಾಷಣ ಮಾಡಿದವಳು ನಾನು. ಗೇಟಿನಲ್ಲಿ ಕೂತವರನ್ನು ನಿಮ್ಮೂರು ಯಾವುದು ಅಂತ ಒಂದು ದಿನ ಕೇಳಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ನಾತ ಪೂರ್ತಿ ಹೋಗಿರಲಿಲ್ಲ, ಆದರೆ ಮಹಡಿ ಹತ್ತುತ್ತಿರಲಿಲ್ಲ. ಒಂದು ವಾರ ಟೈಮ್ ಸಿಕ್ಕಿತು. ನಾಲ್ಕನೇ ದಿನ ಅಣ್ಣ ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ಹಿಡಿದು ನೋಡು ಅಂತ ಕೊಟ್ಟರು. ಸುಟ್ಟಿತು. ಕೈ ಜಾಡಿಸಿಕೊಂಡು ಇಬ್ಬರೂ ನಕ್ಕೆವು. ರಾಶಿ ಒಳಗೊಳಗೆ 55 ಡಿಗ್ರಿ ದಾಟಿದರೆ ಬದುಕಿದೆ ಅಂತ ಲೆಕ್ಕ. ನಮಗೆ ಥರ್ಮಾಮೀಟರ್ ಬೇಕಾಗಲಿಲ್ಲ.

ಈ ವರ್ಷ ಜನವರಿಯಲ್ಲಿ ಏಜೆನ್ಸಿಯವರು ಅವರನ್ನು ಬೇರೆ ಕಡೆ ಹಾಕಿದರು. ಒಂದು ಅಪಾರ್ಟ್‌ಮೆಂಟ್ ಗೇಟು. ಸೂರು ಉದ್ಘಾಟನೆಗೆ ಕರೆಯಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ. ರಿಬ್ಬನ್ ಕತ್ತರಿಸಿ ಫೋಟೋಗೆ ನಿಂತಾಗ ನೆನಪಾಗಿ ಹೊಟ್ಟೆಯಲ್ಲಿ ಏನೋ ಆಯಿತು.

ಮಾರನೇ ದಿನವೇ ಜರಡಿ ಹಿಡಿದ ಗೊಬ್ಬರ ಒಂದು ಚೀಲ ಆಟೋದಲ್ಲಿ ಹಾಕಿಕೊಂಡು ಹೋದೆ. ಅಣ್ಣ ಚೀಲ ಬಿಚ್ಚಿ ಒಂದು ಹಿಡಿ ತೆಗೆದು ಮೂಸಿದರು. ಮನೆ ಹಿಂದಿನ ನುಗ್ಗೆ ಗಿಡಕ್ಕೆ ಹಾಕ್ತೀನಿ ಅಂದರು. ಆಮೇಲೆ ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು. ಹೆಸರು, ಫೋನ್ ನಂಬರ್, ಬಂದ ಕಾರಣ.

"ಇಲ್ಲೂ ಬರೀಬೇಕಾ ಅಣ್ಣಾ?"

"ರೂಲ್ಸ್ ಅಲ್ವಾಮ್ಮ."

ಬಂದ ಕಾರಣದ ಕೆಳಗೆ ಗೊಬ್ಬರ ಅಂತ ಬರೆದು ಸಹಿ ಹಾಕಿದೆ.