ಇನ್ನು ಬರೀ ಪಂಪ್ ಹಾಕಿಕೊಡುವುದಿಲ್ಲ

ಗ್ರಾಹಕರಿಗೆ ನಮಸ್ಕಾರ,

ಟರ್ಬೊ ಕಾರಿಗೆ ಪವರ್ ಏರಿಸಿಕೊಂಡವರು "ಒಂದು 255 ಲೀಟರ್ ಪಂಪ್ ಹಾಕಿಬಿಡಿ, ಸಾಕು" ಅನ್ನುತ್ತೀರಿ, ಅಂದರೆ ಗಂಟೆಗೆ 255 ಲೀಟರ್ ಪೆಟ್ರೋಲ್ ತಳ್ಳುವ ಪಂಪ್. ಮುಂದಿನ ತಿಂಗಳಿಂದ ಆ ಕೆಲಸ ಒಂದನ್ನೇ ಒಪ್ಪಿಕೊಳ್ಳುವುದಿಲ್ಲ. ಟ್ಯಾಂಕಿನಿಂದ ಹಿಡಿದು ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ವರೆಗೆ ಲೆಕ್ಕ ಹಾಕಿದ ಮೇಲೆಯೇ ಸ್ಪ್ಯಾನರ್ ಹಿಡಿಯುತ್ತೇವೆ.

300 ಎಚ್‌ಪಿ ಬೇಕು ಅನ್ನಿ. ಟರ್ಬೊ ಪೆಟ್ರೋಲ್ ಎಂಜಿನ್ ಫುಲ್ ಲೋಡ್‌ನಲ್ಲಿ ಗಂಟೆಗೆ ಸುಮಾರು 110 ಲೀಟರ್ ಕುಡಿಯುತ್ತದೆ. ಇಂಜೆಕ್ಟರ್ 80 ಪರ್ಸೆಂಟ್ ಡ್ಯೂಟಿ (ತೆರೆದಿರುವ ಸಮಯದ ಪಾಲು) ದಾಟಬಾರದು ಅಂದರೆ ನಾಲ್ಕು ಸಿಲಿಂಡರಿಗೆ ಒಂದೊಂದೂ ನಿಮಿಷಕ್ಕೆ 575 ಸಿಸಿ ಆಸುಪಾಸಿನದು ಬೇಕು. ಈಗ ಬಂಕ್‌ಗಳಲ್ಲಿ ಬರುವ ಇ20ಗೆ (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) 10 ಪರ್ಸೆಂಟ್ ಬೆರೆಸಿದ ಇ10ಗಿಂತ ಸುಮಾರು 4 ಪರ್ಸೆಂಟ್ ಜಾಸ್ತಿ ಹರಿವು ಬೇಕು, ಅದನ್ನೂ ಸೇರಿಸುತ್ತೇವೆ.

ಹಾಗಾದರೆ 255 ಧಾರಾಳ ಆಯ್ತಲ್ವಾ? ಆ ಅಂಕಿ ಯಾವ ಪ್ರೆಶರ್‌ನಲ್ಲಿ, ಎಷ್ಟು ವೋಲ್ಟ್‌ನಲ್ಲಿ ಅನ್ನುವುದರ ಮೇಲೆ ನಿಂತಿದೆ. ಪೆಟ್ರೋಲ್‌ಗೆ ಬೇಸ್ ಪ್ರೆಶರ್ 3 ಬಾರ್ ಇಟ್ಟು ಟರ್ಬೊ 1 ಬಾರ್ ಬೂಸ್ಟ್ (ಗಾಳಿಯ ಒತ್ತಡ) ಕೊಟ್ಟರೆ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್‌ನಲ್ಲಿ 4 ಬಾರ್ ನಿಲ್ಲಬೇಕು. ಪ್ರೆಶರ್ ಏರಿದಷ್ಟೂ ಪಂಪ್ ಕೊಡುವುದು ಕಮ್ಮಿ. ಅದರ ಮೇಲೆ ಕಂಪನಿಯ ಸಣ್ಣ ವೈರ್. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ ಪಂಪ್ ಕನೆಕ್ಟರ್‌ನಲ್ಲಿ ಮೀಟರ್ ಹಿಡಿದರೆ ಎಷ್ಟೋ ಸಲ 12ಕ್ಕೂ ಕೆಳಗೆ ತೋರಿಸುತ್ತದೆ. ಆಮೇಲೆ 6000 ಆರ್‌ಪಿಎಮ್‌ನಲ್ಲಿ ಗೇಜ್ ಮುಳ್ಳು ನಾಲ್ಕರಿಂದ ಮೆಲ್ಲಗೆ ಜಾರುತ್ತದೆ, ಮಿಶ್ರಣ ಲೀನ್ ಆಗುತ್ತದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಪಿಸ್ಟನ್ ಹೋಗುತ್ತದೆ. ಹಾಗಂತ ಸುಮ್ನೆ ಇನ್ನೂ ದೊಡ್ಡ ಪಂಪ್ ಹಾಕಿದರೂ ಕಷ್ಟವೇ. ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಲೈನ್ ಸಣ್ಣದಿದ್ದರೆ ಐಡಲ್‌ನಲ್ಲಿ ಪ್ರೆಶರ್ ಇಳಿಯುವುದೇ ಇಲ್ಲ, ಸುತ್ತಿ ಸುತ್ತಿ ಬರುವ ಪೆಟ್ರೋಲ್ ಬಿಸಿಯೂ ಆಗುತ್ತದೆ.

ಹಾಗಾಗಿ ಪಂಪ್ ಜೊತೆ ರಿಲೇ ಹಾಕಿ ದಪ್ಪ ವೈರ್ ಎಳೆಯುತ್ತೇವೆ. ಫಿಲ್ಟರ್, ಪ್ರೆಶರ್ ಹಿಡಿದಿಡುವ ರೆಗ್ಯುಲೇಟರ್, ರಿಟರ್ನ್ ಲೈನ್ ನೋಡುತ್ತೇವೆ. ಎಥನಾಲ್ ತಡೆಯುವ ಹೋಸ್ ಮಾತ್ರ ಬಳಸುತ್ತೇವೆ. ಚೆನ್ನೈ, ಕೊಯಮತ್ತೂರು ಟ್ರ್ಯಾಕ್‌ಗೆ ಹೋಗುವವರಿಗೆ ಸರ್ಜ್ ಟ್ಯಾಂಕ್ (ಪಂಪ್‌ಗೆ ಸದಾ ಪೆಟ್ರೋಲ್ ಸಿಗುವಂತೆ ತುಂಬಿಟ್ಟಿರುವ ಚಿಕ್ಕ ಟ್ಯಾಂಕ್) ಬೇಕೇ ಬೇಕು. ಕಾಲು ಟ್ಯಾಂಕ್ ಇದ್ದಾಗ ಉದ್ದ ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಊರಲ್ಲೇ ಓಡಿಸುವವರಿಗೆ ಅದು ದಂಡ, ಕೇಳಿದರೂ ಬೇಡ ಅನ್ನುತ್ತೇವೆ.

ಖರ್ಚು ಏರುತ್ತದೆ, ಕಾರು ಇನ್ನೊಂದೆರಡು ದಿನ ನಮ್ಮಲ್ಲೇ ನಿಲ್ಲುತ್ತದೆ. ಕೊಡುವಾಗ ಫುಲ್ ಲೋಡ್‌ನ ಪ್ರೆಶರ್ ಲಾಗ್ (ದಾಖಲೆ) ನಿಮ್ಮ ಕೈಗೆ ಬರುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಕಾರುಗಳಲ್ಲಿ ಹೈ ಪ್ರೆಶರ್ ಪಂಪ್ ಬೇರೆ ಇರುವುದರಿಂದ ಎಸ್ಟಿಮೇಟ್ ಕೂಡ ಬೇರೆ.

ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ರೇಟೇ. ಆದರೆ ಲಾಗ್‌ನಲ್ಲಿ ಪ್ರೆಶರ್ ಬಿದ್ದರೆ ಬೂಸ್ಟ್ ಇಳಿಸಿಯೇ ಕಾರು ಕೊಡುತ್ತೇವೆ. ಬೇಡವಾದರೆ ಈ ತಿಂಗಳೊಳಗೆ ತಿಳಿಸಿ, ಪೂರ್ತಿ ಹಣ ವಾಪಸ್ ಮಾಡುತ್ತೇವೆ.

ಇಂತಿ,
ನಿಮ್ಮ ಗ್ಯಾರೇಜ್‌ನವರು