ತಾಂಡಾದ ಪ್ರವಾಸೋದ್ಯಮ ತಾಂಡಾದವರ ಕೈಗೇ ಬರಲಿ: ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಪ್ರವಾಸೋದ್ಯಮದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಾನು ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಲಂಬಾಣಿ ತಾಂಡಾವೊಂದರ ನಿವಾಸಿ. ಕೊಟ್ಟ ಅರ್ಜಿಗಳಿಗೆ ವರ್ಷಗಳಿಂದ ಉತ್ತರ ಬಾರದ ಕಾರಣ ಈಗ ಎಲ್ಲರೆದುರು ಬರೆಯುತ್ತಿದ್ದೇನೆ. ತಾಂಡಾಕ್ಕೆ ಬರುವ ಪ್ರವಾಸಿಗರನ್ನು ಬರಮಾಡಿಕೊಳ್ಳುವ ಅಧಿಕಾರ ಮತ್ತು ಅದರ ಆದಾಯ ತಾಂಡಾದವರಿಗೇ ಸೇರಬೇಕು ಎಂಬುದೊಂದೇ ನಮ್ಮ ಬೇಡಿಕೆ.

ಕಳೆದ ದೀಪಾವಳಿ ಅಮಾವಾಸ್ಯೆಯ ರಾತ್ರಿ ನಡೆದದ್ದನ್ನು ತಾವು ತಿಳಿಯಲೇಬೇಕು. ಅಂದು ನಮ್ಮ ಮದುವೆಯಾಗದ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ, ಹಿರಿಯರಿಗೆ ಹಾಡಿನಲ್ಲಿ ‘ಮೇರಾ’, ಅಂದರೆ ಹಬ್ಬದ ಶುಭಹಾರೈಕೆ, ಹೇಳುತ್ತಾರೆ. ಹಂಪಿ ನೋಡಲು ಬಂದವರನ್ನು ಗಾಡಿಗಳಲ್ಲಿ ತುಂಬಿಕೊಂಡು ಬಂದ ಖಾಸಗಿ ಪ್ರವಾಸ ಸಂಸ್ಥೆಯೊಂದರ ಗೈಡ್, ತಾಂಡಾದ ಮುಖ್ಯಸ್ಥರಾದ ನಾಯಕರನ್ನಾಗಲಿ ಅವರಿಗೆ ನೆರವಾಗುವ ಕಾರಭಾರಿಯನ್ನಾಗಲಿ ಒಂದು ಮಾತೂ ಕೇಳದೆ, ಆ ಹುಡುಗಿಯರನ್ನು ನಮ್ಮ ಸಂತ ಸೇವಾಲಾಲರ ಗುಡಿಯ ಮುಂದೆ ತಡೆದು ನಿಲ್ಲಿಸಿದ. ಫೋಟೊ ಸರಿಯಾಗಿ ಬರಲಿಲ್ಲವೆಂದು ಅದೇ ಹಾಡನ್ನು ಮತ್ತೆ ಮತ್ತೆ ಹಾಡಿಸಿದ. ಒಬ್ಬಳ ದೀಪ ಗಾಳಿಗೆ ಆರಿದಾಗ ಬೇಗ ಹಚ್ಚೆಂದು ಗದರಿದ. ಪಕ್ಕದಲ್ಲಿದ್ದ ಮುದುಕಿ ಉಟ್ಟಿದ್ದ ಫೇಟಿಯಾದ (ನಮ್ಮ ಹೆಂಗಸರ ಲಂಗದ) ಅಂಚನ್ನು ಎಳೆದು ಹಿಡಿದು ಕನ್ನಡಿ ಕೆಲಸ ತೋರಿಸಿದ. ಮೈಮೇಲಿನ ಬಟ್ಟೆ, ಸ್ವಾಮಿ! ತಡೆಯಲು ಹೋದ ನಮಗೆ ‘ಇವರು ದುಡ್ಡು ಕೊಟ್ಟು ಬಂದಿದ್ದಾರೆ’ ಎಂಬ ಉತ್ತರ ಸಿಕ್ಕಿತು. ಆ ದುಡ್ಡಿನಲ್ಲಿ ಒಂದು ರೂಪಾಯಿಯೂ ತಾಂಡಾಕ್ಕೆ ಬರಲಿಲ್ಲ.

2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನಮಗೆಲ್ಲ ಅದು ಹೆಮ್ಮೆಯೇ. ಆದರೆ ಅದೇ ಕಸೂತಿ ಬಲ್ಲ ನಮ್ಮ ತಾಂಡಾದ ಮನೆಗಳು ಹಬ್ಬ ಮುಗಿಯುತ್ತಲೇ ಬೀಗ ಹಾಕಿಕೊಂಡು ಕಬ್ಬು ಕಡಿಯಲು ಗುಳೆ ಹೋಗುತ್ತವೆ. ನಮ್ಮ ಮಾತಿಗೆ ಸ್ವಂತ ಲಿಪಿಯಿಲ್ಲ. ಹಾಡು, ಕತೆ, ಹೊಲಿಗೆ ಎಲ್ಲವೂ ಯಾಡಿಯಿಂದ, ಅಂದರೆ ತಾಯಿಯಿಂದ, ಮಗಳಿಗೆ ಬರಬೇಕು. ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ದಣಿದು ಮಲಗಿದ ತಾಯಿ ಅದನ್ನು ಯಾವಾಗ ಕಲಿಸಿಯಾಳು? ಅತಿಥಿಗಳಿಗೆ ಜೋಳದ ರೊಟ್ಟಿ ಬಡಿಸಿ, ಕಸೂತಿ ಕಲಿಸಿ ಊರಲ್ಲೇ ನಾಲ್ಕು ಕಾಸು ದುಡಿಯುವಂತಾದರೆ ಗುಳೆಯೂ ತಪ್ಪುತ್ತದೆ, ಹಾಡೂ ಉಳಿಯುತ್ತದೆ. ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ ಊರಿನ ಹೆಂಗಸರು ಬಾಳೆನಾರಿನ ವಸ್ತುಗಳನ್ನು ಹೆಣೆದು ಮಾರಿ ಸಂಪಾದಿಸುತ್ತಿದ್ದಾರೆ. ಅಲ್ಲಿ ಆದದ್ದು ಇಲ್ಲಿ ಏಕೆ ಆಗದು?

ಹೋಂಸ್ಟೇ ನೋಂದಣಿಗೆ ಹೋದರೆ ಮೊದಲು ಮನೆಯ ದಾಖಲೆ ಕೇಳುತ್ತಾರೆ. ತಾಂಡಾದ ಎಷ್ಟೋ ಮನೆಗಳಿಗೆ ಇನ್ನೂ ಹಕ್ಕುಪತ್ರವೇ ಇಲ್ಲವೆಂಬುದು, ನಿಯಮ ಬಲ್ಲ ತಮಗೆ ಹೊಸ ಸಂಗತಿಯಲ್ಲ. ದಾಖಲೆ ಕೊಡಬೇಕಾದವರೂ ಸರ್ಕಾರದವರೇ, ದಾಖಲೆಯಿಲ್ಲವೆಂದು ಅರ್ಜಿ ಹಿಂತಿರುಗಿಸುವವರೂ ಸರ್ಕಾರದವರೇ.

ಆದ್ದರಿಂದ ಮತ್ತೆ ಕೇಳುತ್ತೇನೆ: ಹಕ್ಕುಪತ್ರ ಬರುವವರೆಗೆ ಕಾಯಿಸದೆ ನಮ್ಮ ಮಹಿಳಾ ಸ್ವಸಹಾಯ ಸಂಘದ ಹೆಸರಿಗೆ ನೋಂದಣಿ ಕೊಡಿ. ತಾಂಡಾದ ಒಪ್ಪಿಗೆಯಿಲ್ಲದೆ ಯಾವ ಪ್ರವಾಸ ಸಂಸ್ಥೆಯೂ ಇಲ್ಲಿಗೆ ಜನರನ್ನು ಕರೆತರಬಾರದೆಂದು ಲಿಖಿತ ಆದೇಶ ಹೊರಡಿಸಿ. ತಾಂಡಾದ ಪ್ರವಾಸೋದ್ಯಮವನ್ನು ತಾಂಡಾದವರಿಗೇ ಕೊಡಿ. ಈ ಬಾರಿಯಾದರೂ ಉತ್ತರ ಬರೆಯಿರಿ.

ಇಂತಿ,
ಸಂಡೂರು ತಾಲ್ಲೂಕಿನ ಒಬ್ಬ ತಾಂಡಾ ನಿವಾಸಿ