ನೋಡಲು ಬಂದವರಿಗೆ ಕೂರಲು ಒಂದು ಜಾಗ

ಮಾನ್ಯ ಸಂಪಾದಕರೇ,

ಜನರಿಗೆ ಕಲೆಯಲ್ಲಿ, ಇತಿಹಾಸದಲ್ಲಿ ಆಸಕ್ತಿ ಉಳಿದಿಲ್ಲ, ವಸ್ತುಸಂಗ್ರಹಾಲಯಕ್ಕೆ ಬಂದವರೂ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಹೀಗೆ ದೂರುವವರು ಸಾಮಾನ್ಯವಾಗಿ ಕಚೇರಿಯ ಒಳಗೆ ಕುಳಿತವರು. ಸರದಿಯಲ್ಲಿ ನಿಂತು, ಟಿಕೆಟ್ ಪಡೆದು ಒಳಹೋಗುವವರ ಕಡೆಯಿಂದ ಇದೇ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಕಂಡಂತೆ ಜನ ಬೇಗ ಹೊರಬರುವುದಕ್ಕೆ ಮೊದಲ ಕಾರಣ ಕಾಲುನೋವು, ಎರಡನೆಯದು ಓದಲಾಗದ ಫಲಕ. ಅಭಿರುಚಿಯ ಮಾತು ಇವೆರಡರ ನಂತರ ಬರುತ್ತದೆ.

ಕೆಲವು ತಿಂಗಳ ಹಿಂದೆ, ಎಪ್ಪತ್ತು ದಾಟಿದ ನನ್ನ ತಾಯಿಯವರೊಂದಿಗೆ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅದರ ಹೆಸರು ಇಲ್ಲಿ ಬೇಡ. ನಾನು ಹೇಳಲಿರುವುದು ಇನ್ನೂ ಎಷ್ಟೋ ಕಡೆಗೆ ಹಾಗೆಯೇ ಒಪ್ಪುತ್ತದೆ. ಒಂದರ ಹಿಂದೊಂದು ಐದು ಕೋಣೆಗಳಿದ್ದವು. ಐದರಲ್ಲಿಯೂ ಸಂದರ್ಶಕರಿಗೆಂದು ಒಂದೇ ಒಂದು ಬೆಂಚು ಇರಲಿಲ್ಲ. ವಿವರಫಲಕಗಳನ್ನು ಮೊಣಕಾಲಿನ ಎತ್ತರದಲ್ಲಿ, ಗಾಜಿನ ಪೆಟ್ಟಿಗೆಗಳ ತಳದಲ್ಲಿ ಮಲಗಿಸಿ ಇಟ್ಟಿದ್ದರು. ದೀಪ ನಮ್ಮ ಬೆನ್ನ ಹಿಂದೆ ಇದ್ದುದರಿಂದ ಓದಲು ಬಾಗಿದ ಕೂಡಲೇ ನಮ್ಮದೇ ತಲೆಯ ನೆರಳು ಅಕ್ಷರಗಳ ಮೇಲೆ ಬೀಳುತ್ತಿತ್ತು. ಪಕ್ಕಕ್ಕೆ ಸರಿದರೆ ಎದುರಿನ ಕಿಟಕಿಯ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಬಾಗಿ ಓದಿ ಹೇಳುವುದು, ತಾಯಿಯವರು ಗೋಡೆಗೆ ಕೈಯೂರಿಕೊಂಡು ಕೇಳುವುದು, ಹೀಗೆ ಎರಡು ಕೋಣೆಗಳನ್ನು ಮುಗಿಸುವಷ್ಟರಲ್ಲಿ ನನ್ನ ಸೊಂಟವೂ ಅವರ ಮೊಣಕಾಲೂ ಸೋತುಹೋಗಿದ್ದವು.

ಈ ದೂರು ಹೊಸದೇನಲ್ಲ. ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಅವರು ಸಂಗ್ರಹಾಲಯ ನೋಡುವವರ ಆಯಾಸವನ್ನು ಕುರಿತೇ 1916ರಲ್ಲಿ ಒಂದು ಲೇಖನ ಬರೆದಿದ್ದರು. ಕಣ್ಣು ಚೆನ್ನಾಗಿದ್ದ ಒಬ್ಬ ವ್ಯಕ್ತಿಗೆ, ಪ್ರದರ್ಶನದಲ್ಲಿದ್ದ ವಸ್ತುಗಳನ್ನು ನೋಡಿಯೇ ಉತ್ತರಿಸಬೇಕಾದ ಸರಳ ಪ್ರಶ್ನೆಗಳನ್ನು ಕೊಟ್ಟು, ಆ ಉತ್ತರಗಳಿಗಾಗಿ ಆತ ಬಾಗಿದ, ಕುಕ್ಕರಿಸಿದ, ಕತ್ತು ಚಾಚಿದ ಭಂಗಿಗಳನ್ನೆಲ್ಲ ಅವರು ಛಾಯಾಚಿತ್ರಗಳಲ್ಲಿ ತೋರಿಸಿದರು. ನೂರು ವರ್ಷ ಕಳೆದ ಮೇಲೂ ಅದೇ ಭಂಗಿಯಲ್ಲಿ ನಾನು ನಿಂತಿದ್ದೆ ಎಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂದರ್ಶಕರು ಒಂದು ಕಲಾಕೃತಿಯ ಮುಂದೆ ಕಳೆದ ಸರಾಸರಿ ಸಮಯ ಸುಮಾರು 27 ಸೆಕೆಂಡು ಎಂದು ಕಂಡುಬಂದಿತ್ತು. ಜನರ ಚಂಚಲ ಮನಸ್ಸಿಗೆ ಸಾಕ್ಷಿಯೆಂದು ಈ ಅಂಕಿಯನ್ನು ಎತ್ತಿ ಆಡುವವರಿದ್ದಾರೆ. ನಿಂತ ಕಾಲಿನಲ್ಲಿಯೇ ನೂರಾರು ಕೃತಿಗಳನ್ನು ನೋಡಿ ಮುಗಿಸಬೇಕಾದ ಮನುಷ್ಯ ಒಂದೊಂದಕ್ಕೂ ಇನ್ನೆಷ್ಟು ಹೊತ್ತು ಕೊಟ್ಟಾನು ಎಂಬುದನ್ನೂ ಅವರು ಯೋಚಿಸಬೇಕು.

ಮೂರನೆಯ ಕೋಣೆಯಲ್ಲಿ ಅಂಗೈಗಿಂತ ಅಗಲವಾದ ಒಂದು ಕಬ್ಬಿಣದ ಬೀಗವಿತ್ತು. ಮುಂಭಾಗದಲ್ಲಿ ಸಾಲಾಗಿ ಗುಂಡು ಮೊಳೆಗಳಿದ್ದವೇ ಹೊರತು ಕೀಲಿಕೈ ಹಾಕುವ ರಂಧ್ರ ಎಲ್ಲಿಯೂ ಕಾಣಲಿಲ್ಲ. ಫಲಕದ ಮೇಲೆ ಇದ್ದದ್ದು ಮೂರೇ ಪದ: ‘ಬೀಗ. ಕಬ್ಬಿಣ. ದಾನ.’ ಅದರ ಕೆಳಗೆ ಒಂದು ದಾಖಲೆ ಸಂಖ್ಯೆ. “ಇದನ್ನು ತೆಗೆಯೋದು ಹೇಗೆ?” ಎಂದು ತಾಯಿಯವರು ಕೇಳಿದರು. ನನಗೂ ಗೊತ್ತಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಕಾವಲುಗಾರರು ಎದ್ದು ಬಂದಾಗ, ಗಾಜು ಮುಟ್ಟಿದ್ದಕ್ಕೆ ಗದರುತ್ತಾರೆಂದುಕೊಂಡು ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ತಮ್ಮ ಕುರ್ಚಿಯನ್ನು ಎಳೆದು ತಂದು, “ಕೂತ್ಕೊಳ್ಳಿ ಅಮ್ಮಾ” ಎಂದು ತಾಯಿಯವರನ್ನು ಕೂರಿಸಿ, ಗಾಜಿನ ಈಚೆಯಿಂದಲೇ ಬೆರಳು ತೋರಿಸಿ ವಿವರಿಸಿದರು: ಎಡದಿಂದ ಮೂರನೆಯ ಮೊಳೆಯನ್ನು ಒತ್ತಿ ಸರಿಸಿದರೆ ಒಂದು ತೆಳು ತಗಡು ಪಕ್ಕಕ್ಕೆ ಜಾರುತ್ತದೆ, ರಂಧ್ರ ಇರುವುದು ಅದರ ಅಡಿಯಲ್ಲಿ, ಗೊತ್ತಿಲ್ಲದ ಕಳ್ಳ ರಾತ್ರಿಯೆಲ್ಲ ತಡಕಾಡಬೇಕು. ಒಮ್ಮೆ ಸ್ವಚ್ಛಗೊಳಿಸುವಾಗ ಅಧಿಕಾರಿಯೊಬ್ಬರು ಅದನ್ನು ತೆರೆದದ್ದನ್ನು ಅವರು ನೋಡಿದ್ದರಂತೆ. ಅಷ್ಟು ಕೋಣೆಗಳಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಆ ಒಂದು ಬೀಗದ ಮುಂದೆ, ತಾಯಿಯವರು ಇವತ್ತಿಗೂ ನೆನೆಸಿಕೊಳ್ಳುವುದು ಅದೊಂದನ್ನೇ.

ಮೂರು ಪದಗಳಲ್ಲಿ ಕೈತೊಳೆದುಕೊಂಡ ಆ ಫಲಕವನ್ನು ಬರೆದವರು ವಿದ್ವಾಂಸರೇ ಇರಬೇಕು. ಆದರೆ ಅವರು ಬರೆದದ್ದು ತಮ್ಮ ದಾಖಲೆ ಪುಸ್ತಕಕ್ಕೆ ಬೇಕಾದ ವಿವರವನ್ನು. ಎದುರಿಗೆ ನಿಂತವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು, ಇದು ಹೇಗೆ ಕೆಲಸ ಮಾಡುತ್ತದೆ, ಯಾರ ಕೈಯಲ್ಲಿತ್ತು, ಈ ಭಾಗ ಏಕೆ ಸವೆದಿದೆ ಎಂಬುದನ್ನು ಒಮ್ಮೆ ಕೇಳಿಕೊಂಡಿದ್ದರೂ ಇನ್ನೆರಡು ವಾಕ್ಯಗಳು ತಾವಾಗಿ ಬರುತ್ತಿದ್ದವು. ಬಟ್ಟೆ, ಕಾಗದ, ಜಲವರ್ಣ ಚಿತ್ರಗಳಿರುವ ಕೋಣೆಗಳು ಮಂಕಾಗಿರುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬೆಳಕಿಗೆ ಬಣ್ಣ ಮಾಸುತ್ತದೆ, ಹಾಗಾಗಿ ಇಂಥ ವಸ್ತುಗಳ ಮೇಲೆ, ಬೆಳಕನ್ನು ಅಳೆಯುವ ಮಾನದಲ್ಲಿ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂದು ಸಂರಕ್ಷಣಾ ತಜ್ಞರು ನಿಗದಿಪಡಿಸಿದ್ದಾರೆ, ಅದು ನ್ಯಾಯವೇ. ಅದನ್ನು ಬಾಗಿಲಲ್ಲೇ ಒಂದು ಸಾಲಿನಲ್ಲಿ ತಿಳಿಸಿದರೆ, ಕಣ್ಣು ಹೊಂದಿಕೊಳ್ಳಲಿ ಎಂದು ನಾವೂ ಒಂದು ನಿಮಿಷ ಕಾಯುತ್ತೇವೆ. ತಿಳಿಸದಿದ್ದಾಗ ದೀಪ ಕೆಟ್ಟಿದೆ ಎಂದುಕೊಂಡು ಮುಂದೆ ಹೋಗುತ್ತೇವೆ. ಇನ್ನು, ಮಂಕಾಗಿರಬೇಕಾದದ್ದು ಆ ಬಟ್ಟೆ. ಫಲಕದ ಅಕ್ಷರಗಳೂ ಮಂಕಾಗಿರಬೇಕೆಂದು ಯಾವ ತಜ್ಞರೂ ಹೇಳಿಲ್ಲ.

ಕಾವಲಿಗೆ ನಿಂತವರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಸಂದರ್ಶಕರು ಮುಖಾಮುಖಿಯಾಗುವ ಏಕೈಕ ಸಿಬ್ಬಂದಿ ಇವರು, ಆದರೆ ಇವರಿಗೆ ಕಲಿಸಿಕೊಟ್ಟಿರುವುದು ‘ಮುಟ್ಟಬೇಡಿ’, ‘ಫೋಟೋ ತೆಗೆಯಬೇಡಿ’, ‘ಮುಂದೆ ನಡೆಯಿರಿ’ ಎಂಬ ಮೂರು ಮಾತುಗಳನ್ನು ಮಾತ್ರ. 1969ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ‘ಎಕ್ಸ್‌ಪ್ಲೊರೆಟೋರಿಯಂ’ ಎಂಬ ವಿಜ್ಞಾನ ಸಂಗ್ರಹಾಲಯವನ್ನು ತೆರೆದ ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ ಅವರು ಕಾವಲುಗಾರರನ್ನು ನಿಲ್ಲಿಸುವ ಜಾಗದಲ್ಲಿ ಪ್ರೌಢಶಾಲೆಯ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ನೇಮಿಸಿ, ಬಂದವರೊಂದಿಗೆ ಮಾತನಾಡುವ, ಪ್ರಯೋಗಗಳನ್ನು ವಿವರಿಸುವ ಕೆಲಸವನ್ನು ಅವರಿಗೆ ವಹಿಸಿದರು. ಅಷ್ಟು ದೂರ ಹೋಗುವುದು ಎಲ್ಲರಿಗೂ ಸಾಧ್ಯವಾಗದಿರಬಹುದು. ಇರುವ ಕಾವಲುಗಾರರಿಗೇ ತಿಂಗಳಿಗೊಮ್ಮೆ ಅರ್ಧ ದಿನ, ಅವರವರ ಕೋಣೆಯಲ್ಲಿರುವ ವಸ್ತುಗಳ ಕಥೆಯನ್ನು ಹೇಳಿಕೊಡಲು ಹೆಚ್ಚಿನ ಖರ್ಚೇನೂ ಬಾರದು. ಎಂಟು ಗಂಟೆ ಒಂದೇ ಕೋಣೆಯಲ್ಲಿ ಕಳೆಯುವವರಿಗೆ ಅದು ಬೇಸರ ಕಳೆಯುವ ದಾರಿಯೂ ಆದೀತು.

ಬಾಗಿಲು ತೆರೆಯುವ ಹೊತ್ತಿನ ಬಗ್ಗೆಯೂ ಒಂದು ಮಾತು. ದುಡಿಯುವವರು ಕೆಲಸದಿಂದ ಬಿಡುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿ, ಜನ ಬರುವುದಿಲ್ಲ ಎಂದರೆ ಹೇಗೆ? ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯವು 1857ರಲ್ಲೇ ಅನಿಲದೀಪಗಳನ್ನು ಅಳವಡಿಸಿ, ಶ್ರಮಿಕರಿಗೂ ಬರಲು ಅನುಕೂಲವಾಗಲೆಂದು ಸಂಜೆಯೂ ತೆರೆದಿರುತ್ತಿತ್ತು. ದಣಿದವರಿಗೆ ಉಪಾಹಾರದ ಕೋಣೆಯನ್ನೂ ಮಾಡಿತ್ತು. ವಿದ್ಯುತ್ ದೀಪ ಬಂದ ಮೇಲೂ ನಾವು ಸೂರ್ಯಾಸ್ತಕ್ಕೆ ಹೆದರುತ್ತಿದ್ದೇವೆ.

ಈ ವಿಷಯದಲ್ಲಿ ಅಂಗಡಿಯವರಿಂದ ಕಲಿಯುವುದು ಸಾಕಷ್ಟಿದೆ. ಇದನ್ನೂ ನಾನು ಮೊದಲಿಗನಾಗಿ ಹೇಳುತ್ತಿಲ್ಲ. 1909ರಲ್ಲಿ ಅಮೆರಿಕದ ನ್ಯೂವರ್ಕ್ ನಗರದ ಸಂಗ್ರಹಾಲಯವನ್ನು ಸ್ಥಾಪಿಸಿದ ಜಾನ್ ಕಾಟನ್ ಡೇನಾ ಅವರು, ಒಳ್ಳೆಯ ಸಂಗ್ರಹಾಲಯಕ್ಕೆ ಮಾದರಿ ಬೇಕಿದ್ದರೆ ನಗರದ ದೊಡ್ಡ ಮಳಿಗೆಯನ್ನು ನೋಡಿ ಎಂಬರ್ಥದ ಮಾತನ್ನಾಡಿ ಅಂದಿನ ಕಲಾರಸಿಕರನ್ನು ಕೆರಳಿಸಿದ್ದರು. ಮಳಿಗೆ ಎಲ್ಲರಿಗೂ ತೆರೆದಿರುತ್ತದೆ, ಯಾವುದು ಎಲ್ಲಿದೆ ಎಂದು ಕೇಳಿದರೆ ಹೇಳುವವರಿರುತ್ತಾರೆ, ಪ್ರದರ್ಶಿಸಿದ್ದನ್ನು ಆಗಾಗ ಬದಲಿಸುತ್ತಾರೆ. ಆದರೆ ಎಲ್ಲ ಅಂಗಡಿಗಳೂ ಆದರ್ಶ ಎಂದು ಇದರ ಅರ್ಥವಲ್ಲ. ಕೊಳ್ಳದಿದ್ದರೂ ಒಳಬಂದು ನೋಡಬಹುದು, ಬೆಲೆಯನ್ನು ಕೇಳದೆಯೇ ಚೀಟಿಯಲ್ಲಿ ಓದಬಹುದು ಎಂಬ ಪದ್ಧತಿಯನ್ನು 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬಾನ್ ಮಾರ್ಶೆಯಂಥ ಮಳಿಗೆಗಳು ಜನಪ್ರಿಯಗೊಳಿಸಿದವು; ಹಾಗಿದ್ದೂ ಕೆಲವು ಅಂಗಡಿಗಳಲ್ಲಿ ಇಂದಿಗೂ ಮಾರಾಟ ಸಿಬ್ಬಂದಿ ಗಿರಾಕಿಯ ಬೆನ್ನಿಗೆ ಎರಡು ಹೆಜ್ಜೆ ಅಂತರದಲ್ಲಿ ನೆರಳಿನಂತೆ ಬರುತ್ತಾರೆ. ಅದು ಸೇವೆಯೋ ಅನುಮಾನವೋ ಎಂಬುದು ಗಿರಾಕಿಗೆ ಆ ಕ್ಷಣಕ್ಕೇ ತಿಳಿದುಬಿಡುತ್ತದೆ.

ರಂಗಮಂದಿರಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಪ್ರದರ್ಶನ ಎಷ್ಟು ಹೊತ್ತು ನಡೆಯುತ್ತದೆ, ನಡುವೆ ವಿರಾಮ ಇದೆಯೇ, ತಡವಾಗಿ ಬಂದವರನ್ನು ಒಳಗೆ ಬಿಡುತ್ತಾರೆಯೇ, ಮೆಟ್ಟಿಲು ಹತ್ತದೆ ಒಳಹೋಗುವ ದಾರಿ ಎಲ್ಲಿದೆ, ಯಾವ ಆಸನದ ಮುಂದೆ ಕಂಬ ಅಡ್ಡ ಬರುತ್ತದೆ ಎಂಬುದನ್ನು ಟಿಕೆಟ್ ಮಾರುವ ಮೊದಲೇ ತಿಳಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿಯು 2022ರಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿಕೊಂಡ ಹೊಸ ವ್ಯಾಖ್ಯೆಯಲ್ಲಿ, ಸಂಗ್ರಹಾಲಯವು ಎಲ್ಲರಿಗೂ ತೆರೆದಿರಬೇಕು, ಎಲ್ಲರಿಗೂ ಎಟುಕುವಂತಿರಬೇಕು, ಎಲ್ಲರನ್ನೂ ಒಳಗೊಳ್ಳಬೇಕು ಎಂದಿದೆ. ಎಟುಕುವುದು ಎಂಬ ಪದಕ್ಕೆ ದೊಡ್ಡ ಅರ್ಥಗಳನ್ನು ಹುಡುಕುವ ಮೊದಲು ಫಲಕದ ಎತ್ತರವನ್ನು ಅಳೆಯಲಿ. ಹೊಣೆ ಹೊತ್ತವರು ರಜೆಯ ದಿನವೊಂದರಲ್ಲಿ ಗುರುತಿನ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು, ಮನೆಯ ಹಿರಿಯರೊಬ್ಬರ ಕೈಹಿಡಿದು ತಮ್ಮದೇ ಸಂಗ್ರಹಾಲಯವನ್ನು ಪೂರ್ತಿ ನೋಡಿ ಬರಲಿ ಎಂಬುದು ನನ್ನ ವಿನಂತಿ. ಎಲ್ಲೆಲ್ಲಿ ಬಾಗಿದೆವು, ಎಲ್ಲಿ ಗೋಡೆಗೆ ಒರಗಿದೆವು ಎಂದು ಗುರುತು ಹಾಕಿಕೊಂಡರೆ ಬೆಂಚು ಎಲ್ಲಿ ಬೇಕೆಂಬುದು ಅವರಿಗೇ ತಿಳಿಯುತ್ತದೆ.

ಇಷ್ಟನ್ನೂ ಅಲ್ಲಿಯೇ ಅಭಿಪ್ರಾಯ ಪುಸ್ತಕದಲ್ಲಿ ಬರೆಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಪುಸ್ತಕವೇನೋ ಇತ್ತು, ದಾರ ಕಟ್ಟಿದ ಪೆನ್ನೂ ಇತ್ತು. ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಹಿಂದಿನ ಪುಟಗಳಲ್ಲಿ ಬಂದವರೆಲ್ಲ ‘ಚೆನ್ನಾಗಿದೆ’ ಎಂದಷ್ಟೇ ಬರೆದಿದ್ದರು.

ಈ ಪತ್ರವನ್ನು ಓದಿದ ಅಧಿಕಾರಿಗಳು ಯಾರಾದರೂ ಕ್ರಮ ಕೈಗೊಳ್ಳಲು ಹೊರಟರೆ, ಕರ್ತವ್ಯದ ವೇಳೆಯಲ್ಲಿ ಸಾರ್ವಜನಿಕರಿಗೆ ಕುರ್ಚಿ ಬಿಟ್ಟುಕೊಟ್ಟದ್ದೇಕೆ ಎಂದು ಆ ಕಾವಲುಗಾರರನ್ನು ವಿಚಾರಿಸದಿರಲಿ. ಅವರ ಕುರ್ಚಿ ಅವರಿಗೇ ಇರಲಿ. ಬೀಗದ ಪೆಟ್ಟಿಗೆಯ ಮುಂದೆ ಇನ್ನೊಂದನ್ನು ಹಾಕಿಸಲಿ.

ಇಂತಿ,
ಓರ್ವ ಓದುಗ